ತುಮಕೂರೋ, ಬೆಂಗಳೂರೋ? ಅರ್ಥಶಾಸ್ತ್ರ ಓದಹೊರಟ ನಮ್ಮ ಸೀಮೆಯ ಮಕ್ಕಳಿಗೊಂದು ಬಹಿರಂಗ ಪತ್ರ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳಲ್ಲಿ ಈ ವರ್ಷ ದ್ವಿತೀಯ ಪಿಯುಸಿಗೆ ಕಾಲಿಟ್ಟಿರುವ, ಮುಂದೆ ಅರ್ಥಶಾಸ್ತ್ರವನ್ನೇ ಓದಬೇಕೆಂದಿರುವ ಮಕ್ಕಳಿಗೆ, ಮತ್ತು ನಿಮ್ಮ ತಂದೆತಾಯಿಯರಿಗೆ,

ನಾನು ದೊಡ್ಡೇರಿ ಹೋಬಳಿಯವನು. ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಹೇಳಿ ನಿವೃತ್ತನಾಗಿ ಊರಿಗೆ ಬಂದು ನೆಲೆಸಿದ್ದೇನೆ. ಕಳೆದ ಬೇಸಿಗೆಯಲ್ಲಿ ನಡೆದ ಒಂದು ಸಂಗತಿ ಈ ಪತ್ರ ಬರೆಸುತ್ತಿದೆ.

ಪಿಯುಸಿ ಫಲಿತಾಂಶ ಬಂದ ಮೂರನೇ ದಿನ ನಮ್ಮ ಬೀದಿಯ ಹುಡುಗಿಯೊಬ್ಬಳು ಅಪ್ಪನ ಜೊತೆ ಮನೆಗೆ ಬಂದಳು. ಕಲಾ ವಿಭಾಗದಲ್ಲಿ ಓದಿದವಳು, ಅರ್ಥಶಾಸ್ತ್ರದಲ್ಲಿ ತೊಂಬತ್ತರ ಮೇಲೆ ಅಂಕ. ಜಗಲಿಯ ಮೇಲೆ ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯುವ ಕೆಲಸ ನಡೆದಿತ್ತು. ಅಪ್ಪ ಅದರ ಪಕ್ಕದಲ್ಲೇ ಕೂತು, "ಮೇಷ್ಟ್ರೇ, ತುಮಕೂರೋ ಬೆಂಗಳೂರೋ, ಒಂದೇ ಮಾತಲ್ಲಿ ಹೇಳಿಬಿಡಿ" ಎಂದರು.

ನಾನು ಉತ್ತರ ಹೇಳುವ ಮೊದಲು ಹುಡುಗಿಯನ್ನು ಕೇಳಿದೆ: "ನಿಮ್ಮ ಹೊಲದ ಹುಣಸೆಮರ ಈ ಸಲ ಎಷ್ಟಕ್ಕೆ ಗುತ್ತಿಗೆ ಹೋಯ್ತಮ್ಮ?" ಅವಳು ಹೇಳಿದ್ದನ್ನು ಹಾಗೇ ಬರೆಯುತ್ತೇನೆ. ಕಾಯಿ ಇನ್ನೂ ಹಸಿರಾಗಿರುವಾಗಲೇ ವ್ಯಾಪಾರಿ ಬಂದ. ಮರದ ಸುತ್ತ ಒಂದು ಸುತ್ತು ಹಾಕಿ, ಕತ್ತೆತ್ತಿ ನೋಡಿ, ಒಂದು ರೇಟು ಹೇಳಿ ಮುಂಗಡ ಕೊಟ್ಟ. ಹಣ್ಣು ಬಡಿಯುವ ಹೊತ್ತಿಗೆ ಪೇಟೆಯಲ್ಲಿ ಬೆಲೆ ಏರಿತ್ತು, ಲಾಭ ಅವನಿಗೆ ಹೋಯಿತು. "ಮೋಸ ಅಂತ ಅಪ್ಪ ಅಂತಾರೆ. ಬೆಲೆ ಬಿದ್ದಿದ್ರೆ ನಷ್ಟಾನೂ ಅವನದೇ ತಾನೆ ಸಾರ್? ಅಪ್ಪನಿಗೆ ಆಗ್ಲೇ ದುಡ್ಡು ಬೇಕಾಗಿತ್ತು, ಅದಕ್ಕೇ ರೇಟು ಕಮ್ಮಿ ಆಯ್ತು" ಎಂದಳು.

ಸಾಲದ ಅವಸರಕ್ಕೆ ಒಂದು ಬೆಲೆ ಇದೆ, ನಷ್ಟದ ಭಯವನ್ನು ಇನ್ನೊಬ್ಬರ ತಲೆಗೆ ಕಟ್ಟುವುದಕ್ಕೂ ಒಂದು ಬೆಲೆ ಇದೆ ಎಂಬುದನ್ನು ಆ ಮಗು ಮರದ ಕೆಳಗೆ ನಿಂತೇ ಕಂಡುಕೊಂಡಿತ್ತು. ಇಂಥವಳು ಒಳ್ಳೆಯ ಕಡೆ ಓದಬೇಕು ಅನ್ನಿಸಿತು. ಬೆಂಗಳೂರಿನ ಪ್ರವೇಶದ ವಿವರ ಹುಡುಕಿದರೆ ಪ್ರವೇಶ ಪರೀಕ್ಷೆಗೆ ಅರ್ಜಿ ಹಾಕುವ ದಿನ ಮುಗಿದು ಹೋಗಿತ್ತು. ಅವಳ ಕಾಲೇಜಿನಲ್ಲಿ ಆ ಪರೀಕ್ಷೆಯ ಹೆಸರನ್ನೂ ಯಾರೂ ಹೇಳಿರಲಿಲ್ಲ. ಅಪ್ಪ ಕೇಳಿದ ಪ್ರಶ್ನೆಗೆ ಅಷ್ಟು ಹೊತ್ತಿಗೆ ಅರ್ಥವೇ ಉಳಿದಿರಲಿಲ್ಲ. ನಿಮಗೆ ಹಾಗಾಗಬಾರದೆಂದು ವರ್ಷ ಶುರುವಾಗುವಾಗಲೇ ಬರೆಯುತ್ತಿದ್ದೇನೆ.

ಎರಡು ವಿಶ್ವವಿದ್ಯಾನಿಲಯಗಳೂ ಸರ್ಕಾರದವೇ, ಎರಡೂ ನಮ್ಮವೇ. ಆದರೆ ಅವುಗಳ ಕಟ್ಟೋಣ ಬೇರೆ ಬೇರೆ.

ತುಮಕೂರು ವಿಶ್ವವಿದ್ಯಾನಿಲಯ ಶುರುವಾದದ್ದು 2004ರಲ್ಲಿ. ಅದಕ್ಕೂ ಮುಂಚೆ ನಮ್ಮ ಜಿಲ್ಲೆಯ ಕಾಲೇಜುಗಳು ಬೆಂಗಳೂರು ವಿಶ್ವವಿದ್ಯಾನಿಲಯದ ಅಡಿಯಲ್ಲಿದ್ದವು. ನನ್ನ ಬಿ.ಎ. ಪದವಿ ಪತ್ರದ ಮೇಲೂ ಅದೇ ಮುದ್ರೆ. ತುಮಕೂರಿನದು ಕಾಲೇಜುಗಳಿಗೆ ಮಾನ್ಯತೆ ಕೊಡುವ ವಿಶ್ವವಿದ್ಯಾನಿಲಯ. ಪಟ್ಟಣದಲ್ಲಿ ಅದರದೇ ಕಲಾ ಕಾಲೇಜು ಇದೆ. ಜೊತೆಗೆ ಮಧುಗಿರಿ, ಶಿರಾ, ಪಾವಗಡ, ಕೊರಟಗೆರೆಯ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳೂ ಅದರ ಅಡಿಯಲ್ಲೇ ನಡೆಯುತ್ತವೆ. ಪಠ್ಯ ಒಂದೇ, ಪರೀಕ್ಷೆ ಒಂದೇ, ಕೊನೆಗೆ ಕೈಗೆ ಬರುವ ಪದವಿಯೂ ಒಂದೇ ವಿಶ್ವವಿದ್ಯಾನಿಲಯದ್ದು. "ತುಮಕೂರು ವಿ.ವಿ.ಗೆ ಸೇರುತ್ತೇನೆ" ಎಂದರೆ ದಿನಾ ತುಮಕೂರಿಗೆ ಹೋಗಲೇಬೇಕೆಂದೇನೂ ಇಲ್ಲ. ಇದು ಅನೇಕ ಮನೆಗಳಲ್ಲಿ ಗೊತ್ತಿರುವುದಿಲ್ಲ.

ಬೆಂಗಳೂರಿನದು ಡಾ. ಬಿ.ಆರ್. ಅಂಬೇಡ್ಕರ್ ಸ್ಕೂಲ್ ಆಫ್ ಎಕನಾಮಿಕ್ಸ್ ವಿಶ್ವವಿದ್ಯಾನಿಲಯ. ಜನ ಚುಟುಕಾಗಿ 'ಬೇಸ್' ಎನ್ನುತ್ತಾರೆ. ಬಾಬಾಸಾಹೇಬರ 125ನೇ ಜಯಂತಿಯ ನೆನಪಿಗೆ ರಾಜ್ಯ ಸರ್ಕಾರ 2017ರಲ್ಲಿ ಇದನ್ನು ಆರಂಭಿಸಿತು. ಅವರು ಓದಿದ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್ ಇದಕ್ಕೆ ಮಾದರಿ. ಜ್ಞಾನಭಾರತಿ ಆವರಣದಲ್ಲಿರುವ ಹೊಸ ಕಟ್ಟಡಗಳು 2022ರ ಜೂನ್ 20ರಂದು ಉದ್ಘಾಟನೆಯಾದವು. ಈ ವಿಶ್ವವಿದ್ಯಾನಿಲಯದ ಕೇಂದ್ರವೇ ಅರ್ಥಶಾಸ್ತ್ರ. ಪದವಿಯ ಹೆಸರು ಬಿ.ಎಸ್ಸಿ. ಆನರ್ಸ್. ಇದಕ್ಕೆ ಹತ್ತಾರು ಕಾಲೇಜುಗಳಿಲ್ಲ. ತುಮಕೂರಿನ ಬಿ.ಎ.ಯಲ್ಲಿ ಅರ್ಥಶಾಸ್ತ್ರದ ಜೊತೆ ಇತಿಹಾಸವನ್ನೋ ರಾಜ್ಯಶಾಸ್ತ್ರವನ್ನೋ ಸಮಾಜಶಾಸ್ತ್ರವನ್ನೋ ಓದುತ್ತೀರಿ. ಬೇಸ್‌ನಲ್ಲಿ ಅರ್ಥಶಾಸ್ತ್ರದ ಜೊತೆ ಬರುವುದು ಮುಖ್ಯವಾಗಿ ಗಣಿತ ಮತ್ತು ಸಂಖ್ಯಾಶಾಸ್ತ್ರ.

ಆದ್ದರಿಂದ ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ ಗಣಿತದ್ದು. ನನ್ನ ಅನುಭವ ಹೇಳುತ್ತೇನೆ. ಎಸ್ಸೆಸ್ಸೆಲ್ಸಿ ಆದಮೇಲೆ ನಾನು ಗಣಿತದ ಪುಸ್ತಕ ಮುಟ್ಟಿರಲಿಲ್ಲ. ಎಂ.ಎ. ಮೊದಲನೇ ವಾರ ಅಧ್ಯಾಪಕರು ಬೋರ್ಡಿನ ಮೇಲೆ ಸೀಮಾಂತ ವೆಚ್ಚವನ್ನು ಕಲನದ ಚಿಹ್ನೆಯಲ್ಲಿ ಬರೆದರು. ಪಕ್ಕದವರೆಲ್ಲ ಸರಸರನೆ ಮುಂದಿನ ಸಾಲಿಗೆ ಹೋದರು. ನಾನು ಆ ಚಿಹ್ನೆಯನ್ನು ರಂಗೋಲಿ ನಕಲು ಮಾಡುವ ಹಾಗೆ ನೋಡಿ ನೋಡಿ ಬರೆದುಕೊಂಡೆ. ಆ ವರ್ಷವೆಲ್ಲಾ ರಾತ್ರಿ ಹಾಸ್ಟೆಲಿನ ದೀಪದಡಿ ಪಿಯುಸಿ ವಿಜ್ಞಾನದ ಹುಡುಗರ ಗಣಿತ ಪುಸ್ತಕ ಹಿಡಿದು ಕೂತೆ. ಕಲಿತೆ, ಆದರೆ ಅರ್ಥಶಾಸ್ತ್ರ ಓದಬೇಕಾಗಿದ್ದ ಒಂದು ವರ್ಷ ಅದಕ್ಕೇ ಹೋಯಿತು.

ನಮ್ಮ ಕಡೆಯ ಕಲಾ ವಿಭಾಗದ ಮಕ್ಕಳಲ್ಲಿ ಬಹುಪಾಲು ಜನ ನಾನಿದ್ದ ಜಾಗದಲ್ಲೇ ಇದ್ದಾರೆ. ವಾಣಿಜ್ಯದಲ್ಲಿ ಬೇಸಿಕ್ ಮ್ಯಾಥ್ಸ್ ಅಥವಾ ಸಂಖ್ಯಾಶಾಸ್ತ್ರ ತೆಗೆದುಕೊಂಡವರು ಒಂದು ಹೆಜ್ಜೆ ಮುಂದಿದ್ದಾರೆ. ಬೇಸ್‌ಗೆ ಸೇರಲು ಪಿಯುಸಿಯಲ್ಲಿ ಯಾವ ವಿಷಯ ಓದಿರಬೇಕು ಎಂಬುದನ್ನು ಆಯಾ ವರ್ಷದ ಪ್ರವೇಶ ಪ್ರಕಟಣೆಯಲ್ಲಿ ಓದಿ ನೋಡಿ, ಯಾರೋ ಹೇಳಿದ್ದನ್ನು ನಂಬಿ ಕೂರಬೇಡಿ. ನಿಯಮ ಏನೇ ಇರಲಿ, ಹತ್ತನೇ ತರಗತಿಯ ಬೀಜಗಣಿತದ ಲೆಕ್ಕಗಳನ್ನು ಇವತ್ತು ಸಂಜೆ ಮಾಡಿ ನೋಡಿ. ಮಾಡುತ್ತಾ ಮಾಡುತ್ತಾ ಹೊತ್ತು ಹೋದದ್ದೇ ತಿಳಿಯದಿದ್ದರೆ ಬೆಂಗಳೂರಿಗೆ ಧೈರ್ಯವಾಗಿ ಅರ್ಜಿ ಹಾಕಿ. ತಡವರಿಸಿದಿರೋ, ಅದರಿಂದ ನೀವು ದಡ್ಡರಾಗಲಿಲ್ಲ. ಒಂದು ವರ್ಷ ಕೈಯಲ್ಲಿದೆ ಎಂದಷ್ಟೇ ತಿಳಿದು ಇವತ್ತೇ ಶುರು ಮಾಡಿ.

ಎರಡನೆಯ ಪ್ರಶ್ನೆ ಭಾಷೆಯದು. ನಮ್ಮ ರಾಜ್ಯದ ಬಿ.ಎ. ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದು. ಇದು ಸಣ್ಣ ಸೌಲಭ್ಯವಲ್ಲ. ಯೋಚನೆ ಮಾಡುವ ಭಾಷೆಯಲ್ಲೇ ಉತ್ತರ ಬರೆಯುವವನಿಗೆ ವಿಷಯ ಬೇಗ ದಕ್ಕುತ್ತದೆ. ಬೇಸ್‌ನಲ್ಲಿ ಪಾಠ, ಪುಸ್ತಕ, ಪರೀಕ್ಷೆ ಎಲ್ಲವೂ ಇಂಗ್ಲಿಷಿನಲ್ಲಿ. ಪಾವಗಡದ ಎಷ್ಟೋ ಮಕ್ಕಳು ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಮಾತಾಡಿ ಬೆಳೆದವರು. ಎರಡು ಭಾಷೆಯಲ್ಲಿ ಬದುಕಿದವರಿಗೆ ಮೂರನೆಯದು ಬೆಟ್ಟವೇನಲ್ಲ. ಮೊದಲ ಆರು ತಿಂಗಳು ಕಷ್ಟ, ತರಗತಿಯಲ್ಲಿ ಬಾಯಿ ಬಿಡಲು ಹೆದರಿಕೆ. ಅದು ದಾಟುತ್ತದೆ. ದಾಟಿಸಲು ಜೊತೆಗೊಬ್ಬರು ಬೇಕು, ಅದಕ್ಕೇ ಸಾಧ್ಯವಾದರೆ ಊರಿನಿಂದ ಇಬ್ಬರು ಒಟ್ಟಿಗೆ ಹೋಗಿ. ತುಮಕೂರಿನಲ್ಲೋ ಮಧುಗಿರಿಯಲ್ಲೋ ಉಳಿಯುವವರು ಪರೀಕ್ಷೆಯನ್ನು ಕನ್ನಡದಲ್ಲೇ ಬರೆಯಿರಿ, ಆದರೆ ದಿನಕ್ಕೆ ಎರಡು ಪುಟವಾದರೂ ಇಂಗ್ಲಿಷಿನ ಅರ್ಥಶಾಸ್ತ್ರ ಓದಿ. ಎಂ.ಎ.ಗೆ ಹೋದಾಗ ಬೇಕಾಗುವ ಪುಸ್ತಕಗಳಲ್ಲಿ ಹೆಚ್ಚಿನವು ಆ ಭಾಷೆಯಲ್ಲಿವೆ.

ಮೂರನೆಯದು ಹೊತ್ತಿನ ಪ್ರಶ್ನೆ. ನಾನು ಅತಿ ಹೆಚ್ಚು ಒತ್ತಿ ಹೇಳುವುದು ಇದನ್ನೇ. 'ಅವಕಾಶ ವೆಚ್ಚ' ಎಂಬ ಮಾತನ್ನು ನೀವು ಪಿಯುಸಿ ಪುಸ್ತಕದಲ್ಲಿ ಓದಿದ್ದೀರಿ. ಅದನ್ನು ಬಸ್ ಸ್ಟ್ಯಾಂಡಿಗೆ ತನ್ನಿ. ಬಡವನಹಳ್ಳಿ ಕಡೆಯ ಹುಡುಗಿ ಬೆಳಗ್ಗೆ ಬಸ್ ಹಿಡಿದು, ಮಧುಗಿರಿಯಲ್ಲಿ ಇಳಿದು, ಇನ್ನೊಂದು ಬಸ್ಸಿಗೆ ಕಾದು ತುಮಕೂರು ಸೇರುತ್ತಾಳೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದು ಹೆಣ್ಣುಮಕ್ಕಳಿಗೆ ಟಿಕೆಟ್ ಖರ್ಚಿಲ್ಲ. ಇದರಿಂದ ಎಷ್ಟೋ ಹುಡುಗಿಯರ ಓದು ಉಳಿದಿದೆ ಎಂದು ಮನಸಾರೆ ಹೇಳುತ್ತೇನೆ. ಆದರೆ ಹೋಗಲು ಎರಡು ಗಂಟೆ, ಬರಲು ಎರಡು ಗಂಟೆ ಎಂದಿಟ್ಟುಕೊಳ್ಳಿ. ವರ್ಷಕ್ಕೆ 180 ದಿನ ಕಾಲೇಜಿದ್ದರೆ 720 ಗಂಟೆ. ಮೂರು ವರ್ಷಕ್ಕೆ 2,160 ಗಂಟೆ. ಅದೂ ನಿಂತುಕೊಂಡು, ಬ್ಯಾಗು ಎದೆಗವಚಿಕೊಂಡು. ಆ ಗಂಟೆಗಳಲ್ಲಿ ಪದವಿಯ ಗಣಿತವಷ್ಟನ್ನೂ ಕಲಿತು ಮುಗಿಸಬಹುದು.

ಆದ್ದರಿಂದ ತುಮಕೂರಿಗೆ ಹೋಗುವುದಾದರೆ ಅಲ್ಲೇ ಹಾಸ್ಟೆಲಿನಲ್ಲಿ ಉಳಿಯಿರಿ. ಹಾಸ್ಟೆಲ್ ಸಿಗದೆ ದಿನಾ ಓಡಾಡಲೇಬೇಕಾದರೆ ನಿಮ್ಮ ತಾಲ್ಲೂಕಿನ ಸರ್ಕಾರಿ ಕಾಲೇಜಿಗೇ ಸೇರಿ, ಉಳಿದ ಹೊತ್ತನ್ನು ಗ್ರಂಥಾಲಯದಲ್ಲಿ ಕಳೆಯಿರಿ. ಪದವಿ ಅದೇ, ಹೊತ್ತು ಮಾತ್ರ ನಿಮ್ಮದಾಗಿ ಉಳಿಯುತ್ತದೆ. ಸೇರುವ ಮೊದಲು ಆ ಕಾಲೇಜಿಗೆ ಒಮ್ಮೆ ಹೋಗಿ ಬನ್ನಿ. ಅರ್ಥಶಾಸ್ತ್ರಕ್ಕೆ ಕಾಯಂ ಅಧ್ಯಾಪಕರು ಇದ್ದಾರಾ, ಅತಿಥಿ ಉಪನ್ಯಾಸಕರೇ ಎಲ್ಲಾ ನಡೆಸಬೇಕಾ, ಗ್ರಂಥಾಲಯ ಎಷ್ಟು ಗಂಟೆಯವರೆಗೆ ತೆರೆದಿರುತ್ತದೆ ಎಂದು ಅಲ್ಲಿ ಓದುತ್ತಿರುವ ಅಕ್ಕಂದಿರನ್ನು, ಅಣ್ಣಂದಿರನ್ನು ಕೇಳಿ. ಅವರು ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಾರೆ.

ನಾಲ್ಕನೆಯದು ದುಡ್ಡು. ಇಲ್ಲಿ ತಂದೆತಾಯಿಯರಿಗೆ ಒಂದು ಮಾತು. ಕಾಲೇಜಿನ ಶುಲ್ಕವನ್ನಷ್ಟೇ ನೋಡಬೇಡಿ, ಮೂರು ವರ್ಷದ ಒಟ್ಟು ಖರ್ಚನ್ನು ಒಂದು ಹಾಳೆಯಲ್ಲಿ ಬರೆಯಿರಿ. ಶುಲ್ಕ, ಹಾಸ್ಟೆಲ್, ಊಟ, ಪುಸ್ತಕ, ಹಬ್ಬಕ್ಕೆ ಬಂದು ಹೋಗುವ ಖರ್ಚು. ಪಕ್ಕದಲ್ಲಿ ಬರುವುದನ್ನು ಬರೆಯಿರಿ. ರಾಜ್ಯದ ವಿದ್ಯಾರ್ಥಿವೇತನಗಳಿಗೆ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ವಿದ್ಯಾಸಿರಿ ಯೋಜನೆಯಲ್ಲಿ ಊಟ ವಸತಿಗೆಂದು ಸಹಾಯಧನ ಇದೆ. ಜಾತಿ, ಆದಾಯ ಪ್ರಮಾಣಪತ್ರ ಈಗಲೇ ಮಾಡಿಸಿಡಿ. ಆಧಾರ್‌ನಲ್ಲಿರುವ ಹೆಸರಿಗೂ ಅಂಕಪಟ್ಟಿಯ ಹೆಸರಿಗೂ ಒಂದಕ್ಷರ ವ್ಯತ್ಯಾಸವಿದ್ದರೂ ಸರಿಪಡಿಸಿ. ಅಷ್ಟಕ್ಕೇ ವಿದ್ಯಾರ್ಥಿವೇತನ ತಡೆದು ನಿಂತ ಮಕ್ಕಳನ್ನು ನಾನು ಕಂಡಿದ್ದೇನೆ. ಎರಡೂ ಕಡೆ ಲೆಕ್ಕ ಹಾಕಿದಮೇಲೆ ಬೆಂಗಳೂರಿನ ಖರ್ಚಿಗೆ ಹೊಲ ಅಡವಿಡಬೇಕಾಗುತ್ತದೆ ಎಂದಾದರೆ ಬೇಡ. ಇದನ್ನು ಖಂಡಿತವಾಗಿ ಹೇಳುತ್ತೇನೆ. ಪದವಿಯನ್ನು ಇಲ್ಲಿ ಮುಗಿಸಿ ಎಂ.ಎ.ಗೆ ದೊಡ್ಡ ಕಡೆ ಹೋಗುವ ದಾರಿ ಇದ್ದೇ ಇದೆ.

ಈ ಮಾತಿಗೆ ಬಾಬಾಸಾಹೇಬರ ಓದೇ ಸಾಕ್ಷಿ. 1912ರಲ್ಲಿ ಮುಂಬಯಿಯ ಎಲ್ಫಿನ್‌ಸ್ಟನ್ ಕಾಲೇಜಿನಿಂದ ಬಿ.ಎ. ಮುಗಿಸಿದರು. 1913ರಲ್ಲಿ ಬರೋಡಾ ಮಹಾರಾಜರ ವಿದ್ಯಾರ್ಥಿವೇತನ ಸಿಕ್ಕಿತು, ತಿಂಗಳಿಗೆ ಹನ್ನೊಂದೂವರೆ ಪೌಂಡ್, ಮೂರು ವರ್ಷ. ಅದರ ಬಲದ ಮೇಲೆ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾನಿಲಯದಲ್ಲಿ ಅರ್ಥಶಾಸ್ತ್ರ ಓದಿದರು. 1916ರಲ್ಲಿ ಲಂಡನ್ನಿಗೆ ಹೋದರು. ಮರುವರ್ಷವೇ ವಿದ್ಯಾರ್ಥಿವೇತನದ ಅವಧಿ ಮುಗಿದು ಓದನ್ನು ಅರ್ಧಕ್ಕೆ ಬಿಟ್ಟು ಹಿಂತಿರುಗಬೇಕಾಯಿತು. ಮುಂಬಯಿಯ ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ಪಾಠ ಹೇಳಿ ಸಂಬಳ ಉಳಿಸಿದರು, ಕೊಲ್ಹಾಪುರದ ಶಾಹು ಮಹಾರಾಜರು ಕೈಜೋಡಿಸಿದರು, 1920ರಲ್ಲಿ ಮತ್ತೆ ಲಂಡನ್ನಿಗೆ ಹೊರಟರು. 1923ರಲ್ಲಿ ರೂಪಾಯಿಯ ಸಮಸ್ಯೆಯ ಮೇಲೆ ಬರೆದ ಪ್ರಬಂಧಕ್ಕೆ ಡಿ.ಎಸ್ಸಿ. ಬಂತು. ದುಡ್ಡಿಲ್ಲದೆ ನಿಂತ ಓದು ಮೂರು ವರ್ಷ ಬಿಟ್ಟು ಮುಂದುವರಿಯಿತು. ನಿಮ್ಮ ಓದೂ ಎಲ್ಲಾದರೂ ನಿಂತರೆ ಅಲ್ಲಿಗೇ ಮುಗಿಯಿತು ಎಂದುಕೊಳ್ಳಬೇಡಿ.

ಆ ನಡುವಿನ ವರ್ಷಗಳಲ್ಲೇ, 1918ರಲ್ಲಿ, ಅವರು ಭಾರತದ ಸಣ್ಣ ಹಿಡುವಳಿಗಳ ಬಗ್ಗೆ ಒಂದು ಲೇಖನ ಬರೆದರು. ಜಮೀನು ತುಂಡುತುಂಡಾದದ್ದೇ ಬಡತನಕ್ಕೆ ಕಾರಣ, ಒಟ್ಟುಗೂಡಿಸಿದರೆ ಸರಿಹೋಗುತ್ತದೆ ಎಂದು ಆಗ ದೊಡ್ಡವರೆಲ್ಲ ಹೇಳುತ್ತಿದ್ದರು. ಅಂಬೇಡ್ಕರರು ಒಪ್ಪಲಿಲ್ಲ. ಹಿಡುವಳಿ ಚಿಕ್ಕದೋ ದೊಡ್ಡದೋ ಎಂಬುದನ್ನು ಎಕರೆಯಿಂದ ಅಳೆಯಲಾಗದು, ಅದರ ಮೇಲೆ ಹಾಕುವ ಬಂಡವಾಳ ಮತ್ತು ದುಡಿಮೆಯ ಜೊತೆ ಇಟ್ಟು ನೋಡಬೇಕು. ಕೆಲಸವಿಲ್ಲದ ಕೈಗಳೆಲ್ಲ ಭೂಮಿಯ ಮೇಲೆ ಬಿದ್ದಿವೆ, ಅವಕ್ಕೆ ಬೇರೆ ಉದ್ಯೋಗ ಬೇಕು, ಕೈಗಾರಿಕೆ ಬೇಕು ಎಂದು ವಾದಿಸಿದರು. ಎರಡೆಕರೆ ಖುಷ್ಕಿಯಲ್ಲಿ ಕಡಲೆಕಾಯಿ ಬಿತ್ತಿ ಮಳೆಗಾಗಿ ಮುಗಿಲು ನೋಡುತ್ತಾ ಕೂರುವ ನಮ್ಮ ಮನೆಗಳ ಮಕ್ಕಳು ಆ ಲೇಖನವನ್ನು ಓದಲೇಬೇಕು.

ಏಕೆಂದರೆ ಅರ್ಥಶಾಸ್ತ್ರಕ್ಕೆ ನಮ್ಮ ಸೀಮೆಯಷ್ಟು ಒಳ್ಳೆಯ ಪ್ರಯೋಗಶಾಲೆ ಇನ್ನೊಂದಿಲ್ಲ. ಪ್ರಾದೇಶಿಕ ಅಸಮತೋಲನ ಅಳೆಯಲು ನೇಮಿಸಿದ ಸಮಿತಿಯ ಅಧ್ಯಕ್ಷರಾಗಿ ಅರ್ಥಶಾಸ್ತ್ರಜ್ಞ ಡಿ.ಎಂ. ನಂಜುಂಡಪ್ಪನವರು 2002ರಲ್ಲಿ ವರದಿ ಕೊಟ್ಟರು. 35 ಸೂಚಕಗಳನ್ನಿಟ್ಟುಕೊಂಡು ರಾಜ್ಯದ 175 ತಾಲ್ಲೂಕುಗಳನ್ನು ಅಳೆದು 114 ತಾಲ್ಲೂಕು ಹಿಂದುಳಿದಿವೆ ಎಂದರು. ಅದರಲ್ಲಿ ಅತ್ಯಂತ ಹಿಂದುಳಿದ 39ರ ಪಟ್ಟಿಯಲ್ಲಿ ಮಧುಗಿರಿ, ಶಿರಾ, ಪಾವಗಡ ಮೂರೂ ಇವೆ. ಆ ಪಟ್ಟಿ ಬಂದು ಎರಡು ದಶಕ ದಾಟಿತು. ಅಂದಿನಿಂದ ಇಂದಿನವರೆಗೆ ಇಲ್ಲಿ ಏನು ಬದಲಾಯಿತು ಎಂದು ಅಳೆದು ಹೇಳುವವರು ಈ ಮಣ್ಣಿನಿಂದಲೇ ಬರಬೇಕಲ್ಲವೇ?

ಪಾವಗಡದ ಸೋಲಾರ್ ಪಾರ್ಕ್ ನೋಡಿ. ತಿರುಮಣಿ, ವಳ್ಳೂರು ಸುತ್ತಿನ ಐದು ಊರುಗಳ ಸುಮಾರು 13,000 ಎಕರೆ, 2,050 ಮೆಗಾವ್ಯಾಟ್. ಭೂಮಿಯನ್ನು ಕೊಂಡುಕೊಳ್ಳದೆ ರೈತರಿಂದ ಗುತ್ತಿಗೆಗೆ ಪಡೆದರು. ಆರಂಭದಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ. 5ರ ಏರಿಕೆ. ಮಳೆ ಕೈಕೊಟ್ಟರೂ ಜಮೀನುದಾರನಿಗೆ ವರಮಾನ ಖಾತ್ರಿ. ಅದೇ ಹೊಲದಲ್ಲಿ ಕಳೆ ಕಿತ್ತು, ಕಡಲೆಕಾಯಿ ಬಿಡಿಸಿ ಬದುಕುತ್ತಿದ್ದ ಭೂಮಿಯಿಲ್ಲದವರ ಪಾಲಿಗೆ ಏನು ಬಂತು? ಕುರಿ ಮೇಯಿಸುವವರು ಎಲ್ಲಿಗೆ ಹೋದರು? ಇದಕ್ಕೆ ಉತ್ತರ ಹುಡುಕಲು ಅಂಕಿ ಅಂಶ ಬಿಡಿಸುವ ಗಣಿತವೂ ಬೇಕು, ತಿರುಮಣಿಯ ಕಟ್ಟೆಯ ಮೇಲೆ ಕೂತು ತೆಲುಗು ಬೆರೆತ ಕನ್ನಡದಲ್ಲಿ ಜನರನ್ನು ಮಾತಾಡಿಸುವ ಬಾಯಿಯೂ ಬೇಕು. ಬಾಯಿ ನಿಮ್ಮಲ್ಲಿ ಆಗಲೇ ಇದೆ. ಗಣಿತವನ್ನು ಸಂಪಾದಿಸಿಕೊಳ್ಳಿ.

ಇನ್ನು ಉದ್ಯೋಗ. ಕೆ.ಎ.ಎಸ್., ಐ.ಎ.ಎಸ್. ಪರೀಕ್ಷೆಗಳಿಗೆ ಯಾವ ಪದವಿಯಾದರೂ ಸಾಕು, ಎರಡೂ ವಿಶ್ವವಿದ್ಯಾನಿಲಯಗಳಿಂದ ಹೋದವರು ಅಲ್ಲಿ ಸಮಾನರು. ಯು.ಪಿ.ಎಸ್.ಸಿ. ನಡೆಸುವ ಇಂಡಿಯನ್ ಎಕನಾಮಿಕ್ ಸರ್ವಿಸ್ ಪರೀಕ್ಷೆಗೆ ಮಾತ್ರ ಅರ್ಥಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಬೇಕು. ಬ್ಯಾಂಕುಗಳ ಸಂಶೋಧನಾ ವಿಭಾಗ, ಸಂಶೋಧನಾ ಸಂಸ್ಥೆ ಎಂದು ಕನಸಿದ್ದರೆ ಸಂಖ್ಯಾಶಾಸ್ತ್ರ ಮತ್ತು ಎಕನಾಮೆಟ್ರಿಕ್ಸ್ ಇಲ್ಲದೆ ಆಗದು, ಅಲ್ಲಿ ಬೇಸ್‌ನ ಮಕ್ಕಳಿಗೆ ಮೊದಲೇ ಅಡಿಪಾಯ ಸಿಕ್ಕಿರುತ್ತದೆ. ವಿ.ಕೆ.ಆರ್.ವಿ. ರಾವ್ ಅವರು 1972ರಲ್ಲಿ ಕಟ್ಟಿದ ಐಸೆಕ್ ಎಂಬ ಸಂಶೋಧನಾ ಸಂಸ್ಥೆಯೂ ಬೆಂಗಳೂರಿನಲ್ಲೇ, ನಾಗರಭಾವಿಯಲ್ಲಿದೆ. ಇದೇ ರಾವ್ ಅವರು ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸ್ ಅನ್ನೂ ಕಟ್ಟಿದವರು. ಶಾಲಾ ಮೇಷ್ಟ್ರು, ಕಾಲೇಜು ಉಪನ್ಯಾಸಕರು ಆಗಬೇಕೆನ್ನುವವರಿಗೆ ತುಮಕೂರಿನ ಬಿ.ಎ. ಒಳ್ಳೆಯ ಬುನಾದಿ.

ಹಾಗಾದರೆ ಒಂದೇ ಮಾತಲ್ಲಿ ಏನು ಹೇಳಲಿ? ಗಣಿತ ಇಷ್ಟವಾಗುತ್ತದೆ, ಹಾಸ್ಟೆಲ್ ಖಾತ್ರಿಯಾಗಿದೆ, ಸಾಲವಿಲ್ಲದೆ ಖರ್ಚು ತೂಗುತ್ತದೆ ಎಂದಾದರೆ ಬೆಂಗಳೂರಿಗೆ ಹೋಗಿ, ಹಿಂದೆ ಮುಂದೆ ನೋಡಬೇಡಿ. ಮೂರರಲ್ಲಿ ಒಂದು ಇಲ್ಲವಾದರೂ ತುಮಕೂರು ವಿಶ್ವವಿದ್ಯಾನಿಲಯಕ್ಕೆ ತಲೆಯೆತ್ತಿ ಸೇರಿ, ಗಣಿತವನ್ನು ಬದಿಯಲ್ಲಿ ಕಲಿಯುತ್ತಾ ಎಂ.ಎ.ಗೆ ಸಿದ್ಧರಾಗಿ. ನಾಲ್ಕು ವರ್ಷದ ಪದವಿ 2021-22ರಲ್ಲಿ ಬಂದು, 2024-25ರಿಂದ ನಮ್ಮ ರಾಜ್ಯದಲ್ಲಿ ಮತ್ತೆ ಮೂರು ವರ್ಷಕ್ಕೆ ಮರಳಿದೆ. ಮೂರು ವರ್ಷ ಬೇಗ ಕಳೆಯುತ್ತದೆ. ಅದು ಬಸ್ಸಿನಲ್ಲಿ ಕಳೆಯದಂತೆ ನೋಡಿಕೊಳ್ಳಿ.

ಹೆಣ್ಣುಮಕ್ಕಳ ಅಪ್ಪಂದಿರಲ್ಲಿ ಒಂದು ಬಿನ್ನಹ. "ಹುಡುಗಿ, ಅಷ್ಟು ದೂರ ಯಾಕೆ?" ಎನ್ನುವ ಮಾತು ನಿಮ್ಮ ಬಾಯಿಗೆ ಬರುವ ಮೊದಲು ಒಮ್ಮೆ ಅವಳನ್ನು ಕರೆದುಕೊಂಡು ಬೆಂಗಳೂರಿಗೆ ಹೋಗಿ ಬನ್ನಿ. ಹಾಸ್ಟೆಲ್ ನೋಡಿ, ಅಲ್ಲಿ ಓದುವ ಮಕ್ಕಳನ್ನು ಮಾತಾಡಿಸಿ. ನೋಡಿ ಬಂದಮೇಲೆ ತೀರ್ಮಾನ ಮಾಡಿ. ಮಧುಗಿರಿಯಿಂದ ಬೆಳಗ್ಗೆ ಹೊರಟರೆ ರಾತ್ರಿ ಊಟಕ್ಕೆ ಮನೆಯಲ್ಲಿರುತ್ತೀರಿ.

ಪದವಿಪೂರ್ವ ಕಾಲೇಜುಗಳ ಪ್ರಾಂಶುಪಾಲರಲ್ಲಿ, ಉಪನ್ಯಾಸಕ ಮಿತ್ರರಲ್ಲಿ ಕೊನೆಯ ಕೋರಿಕೆ. ಬೇಸ್ ಪ್ರವೇಶಕ್ಕೆ ಈಚಿನ ವರ್ಷಗಳಲ್ಲಿ ಸಿಯುಇಟಿ ಎಂಬ ದೇಶಮಟ್ಟದ ಪ್ರವೇಶ ಪರೀಕ್ಷೆ ಬಳಕೆಯಲ್ಲಿದೆ. ಅದರ ಅರ್ಜಿ ಪಿಯುಸಿ ಫಲಿತಾಂಶಕ್ಕೆ ಕಾಯುವುದಿಲ್ಲ, ಪರೀಕ್ಷೆಯ ಗಡಿಬಿಡಿಯಲ್ಲೇ ಬಂದು ಹೋಗುತ್ತದೆ. ಆ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು ಎಂಬುದು ನಮ್ಮ ಮಕ್ಕಳಿಗೆ ಗೊತ್ತೇ ಇಲ್ಲ. ಸರ್ಕಾರಿ ಪದವಿ ಕಾಲೇಜುಗಳಿಗೆ ಫಲಿತಾಂಶದ ನಂತರ ಯುಯುಸಿಎಂಎಸ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಿದರೆ ಆಯಿತು, ಅದು ತಪ್ಪುವುದಿಲ್ಲ. ತಪ್ಪುವುದು ಸಿಯುಇಟಿಯ ಅರ್ಜಿ. ಜನವರಿಯಿಂದಲೇ ಗಮನವಿಟ್ಟು, ಪ್ರಕಟಣೆ ಬಂದ ದಿನವೇ ನೋಟಿಸ್ ಬೋರ್ಡಿಗೆ ಒಂದು ಹಾಳೆ ಅಂಟಿಸಿ, ಪ್ರಾರ್ಥನೆಯ ಹೊತ್ತಿನಲ್ಲಿ ಒಮ್ಮೆ ಗಟ್ಟಿಯಾಗಿ ಓದಿ ಹೇಳಿ. ನಮ್ಮ ಬೀದಿಯ ಆ ಹುಡುಗಿ ಈಗ ಮಧುಗಿರಿಯ ಕಾಲೇಜಿನಲ್ಲಿ ಬಿ.ಎ. ಓದುತ್ತಿದ್ದಾಳೆ, ಭಾನುವಾರ ನಮ್ಮ ಮನೆಗೆ ಬಂದು ಗಣಿತ ಕಲಿಯುತ್ತಾಳೆ. ಆ ಹಾಳೆ ಅವಳ ಕಾಲೇಜಿನ ಗೋಡೆಯ ಮೇಲಿದ್ದಿದ್ದರೆ ಆಯ್ಕೆಯಾದರೂ ಅವಳದಾಗಿರುತ್ತಿತ್ತು. ದಯವಿಟ್ಟು ಈ ವರ್ಷ ಅಂಟಿಸಿ.

ಇಂತಿ ನಿಮ್ಮ ಹಿತೈಷಿ,
ದೊಡ್ಡೇರಿ ಹೋಬಳಿಯ ಒಬ್ಬ ಅರ್ಥಶಾಸ್ತ್ರದ ಮೇಷ್ಟ್ರು